ಸಿಂಬೆ ಮೇಲೆ ಕೂತ ಮಡಕೆಗಳು

ನಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಒಂದು ಕೋಣೆ ಇತ್ತು. ಬಾಗಿಲ ಮೇಲೆ 'ವಸ್ತು ಸಂಗ್ರಹಾಲಯ' ಅಂತ ಬೋರ್ಡು. ಒಳಗೆ ಕಾಲು ಮುರಿದ ಬೆಂಚು, ಹಳೇ ಉತ್ತರ ಪತ್ರಿಕೆಗಳ ಗಂಟು, ಅವುಗಳ ಸಂದಿಯಲ್ಲಿ ಮಡಕೆಗಳು. ನಮಗಿಂತ ಮುಂಚೆ ಇದ್ದ ಮೇಷ್ಟ್ರುಗಳು ಊರೂರು ತಿರುಗಿ ತಂದಿಟ್ಟವು. ಧೂಳು ಒರೆಸಿ ಎಣಿಸಿದರೆ 41 ಆದವು, ಚೂರುಗಳ ಡಬ್ಬಿ ಬೇರೆ. ಪ್ರದರ್ಶನ ಮಾಡಿ ಅಂತ ನಮ್ಮ ಕೈಗೆ ಕೊಟ್ಟಿದ್ದು ಮೂರು ವಾರ, 12,000 ರೂಪಾಯಿ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಎರಡು ಗಾಜಿನ ಬೀರು ಇದ್ದವು, ಅದರಲ್ಲಿ ಜೋಡಿಸಿದೆ. ಹೊರಗೆ ನಿಂತು ನೋಡಿದರೆ ಗಾಜಿನಲ್ಲಿ ಕಿಟಕಿ ಕಾಣುತ್ತಿತ್ತು, ನನ್ನ ಮುಖ ಕಾಣುತ್ತಿತ್ತು, ಮಡಕೆ ಮಾತ್ರ ಕಾಣುತ್ತಿರಲಿಲ್ಲ. ಮದುವೆಯಲ್ಲಿ ಬಂದ ಉಡುಗೊರೆ ಇಟ್ಟ ಶೋಕೇಸ್ ಥರ ಆಗಿತ್ತು. ಆಮೇಲೆ ಬಡಗಿಯನ್ನು ಕರೆದು ಸ್ಟ್ಯಾಂಡಿಗೆ ಎಷ್ಟಾಗುತ್ತೆ ಅಂತ ಕೇಳಿದೆ. ಒಂದಕ್ಕೆ 1,800 ಅಂದ. ಚಹಾ ಕುಡಿಸಿ ಕಳಿಸಿದೆ.

ನಿಜವಾದ ತೊಂದರೆ ದುಡ್ಡಿನದಲ್ಲ, ಮಡಕೆಗಳ ತಳದ್ದು. ಅಡುಗೆ ಮಡಕೆ, ನೀರಿನ ಗಡಿಗೆ ಎಲ್ಲದರ ತಳ ದುಂಡಗೆ. ಮೂರು ಕಲ್ಲಿನ ಒಲೆ ಮೇಲೆ ಗಟ್ಟಿಯಾಗಿ ಕೂರಬೇಕು, ಉರಿ ಸಮನಾಗಿ ತಗುಲಬೇಕು, ಬಿಸಿಗೆ ಸೀಳುವ ಮೂಲೆ ಇರಬಾರದು, ಅದಕ್ಕೇ ಹಾಗೆ ಮಾಡಿರೋದು. ಮೇಜಿನ ಮೇಲೆ ಇಟ್ಟರೆ ಉರುಳುತ್ತೆ. ನಾನು ಥರ್ಮೋಕೋಲ್ ಕೊರೆಯುತ್ತಾ ಕೂತಿದ್ದೆ. ಕಸ ಗುಡಿಸಲು ಬಂದ ಅಟೆಂಡರ್ ಅಮ್ಮ ನೋಡಿ ನಕ್ಕರು. "ಅಲ್ಲ ಮೇಡಂ, ಸಿಂಬೆ ಇಲ್ದೆ ಗಡಿಗೆ ಹೆಂಗ್ ಕೂತ್ಕೊಳುತ್ತೆ?" ಅಂದವರೇ ಕೈಲಿದ್ದ ಹಳೇ ಬಟ್ಟೆಯನ್ನು ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಗಡಿಗೆ ಕೂರಿಸಿಬಿಟ್ಟರು. ಅಲ್ಲಾಡಲಿಲ್ಲ.

ಅಲ್ಲಿಂದ ನನ್ನ ಯೋಚನೆಯೇ ಬದಲಾಯಿತು. ಈ ಮಡಕೆಗಳನ್ನು ಹೇಗೆ ಇಡಬೇಕು ಅನ್ನೋದನ್ನು ಮನೆಗಳು ಯಾವತ್ತೋ ಕಂಡುಕೊಂಡಿದ್ದವು, ನಾನು ಸುಮ್ನೆ ಹೊಸದಾಗಿ ಹುಡುಕುತ್ತಿದ್ದೆ. ತಲೆ ಮೇಲೆ ಹೊರೋದಕ್ಕೆ ಸಿಂಬೆ. ಬೆಕ್ಕಿಗೆ ಸಿಗದ ಹಾಗೆ ಮೊಸರಿನ ಮಡಕೆ ತೂಗುಹಾಕೋಕೆ ನೆಲುವು. ಕಾಳು ಕಡಿ ತುಂಬಿದ ಗಡಿಗೆಗಳನ್ನು ದೊಡ್ಡದರ ಮೇಲೆ ಚಿಕ್ಕದು ಇಟ್ಟು ಪೇರಿಸಿದರೆ ಅಡಕಲು. ಕೋಣೆಯನ್ನು ಇದೇ ಮೂರರ ಮೇಲೆ ಕಟ್ಟೋಣ ಅಂದುಕೊಂಡೆ.

ಸಿಂಬೆಗೆ ಬಣ್ಣ ಹೋದ ಕಾಟನ್ ಸೀರೆಗಳನ್ನು ಹುಡುಗಿಯರು ಮನೆಯಿಂದ ತಂದರು. ಬಣ್ಣ ಬಿಡುವುದನ್ನು ಬೇಡ ಅಂದೆವು, ಕಡಿಮೆ ಉರಿಯಲ್ಲಿ ಸುಟ್ಟ ಮೆತ್ತನೆ ಮಣ್ಣು ಕಲೆ ಹೀರಿಕೊಳ್ಳುತ್ತೆ. ಇದೇ ಕಾರಣಕ್ಕೆ ಮೇಣ ಹಚ್ಚಿ ಕೂರಿಸೋದು ಮೆರುಗಿರುವ ಪಿಂಗಾಣಿಗೆ ಸರಿ, ಮಣ್ಣಿನ ಮಡಕೆಗೆ ಸಲ್ಲ. ಬಾಯಿ ಭಾರ, ತಳ ಸಣ್ಣ ಇರುವ ಕೂಜೆಗಳ ಒಳಗೆ ಮರಳು ತುಂಬಿದ ಸಣ್ಣ ಬಟ್ಟೆ ಚೀಲ ಇಳಿಬಿಟ್ಟೆವು. ಯಾರಾದರೂ ಮೇಜಿಗೆ ಡಿಕ್ಕಿ ಹೊಡೆದರೂ ಕೂಜೆ ಬೀಳಲ್ಲ. ನೆಲುವಿನಲ್ಲಿ ಮಾತ್ರ ಹಳೇ ಮಡಕೆ ಇಡಲಿಲ್ಲ. ಸಂತೆಯಲ್ಲಿ ಹೊಸದು ತಂದು ಅದನ್ನೇ ತೂಗುಹಾಕಿದೆವು. ಹಗ್ಗವನ್ನು ನಾನು ನಂಬಲ್ಲ. ಅಡಕಲಿನಲ್ಲೂ ಅಷ್ಟೇ, ಕೆಳಗಿನ ಎರಡು ಹೊಸವು.

ಬೆಂಚುಗಳನ್ನು ರಿಪೇರಿ ಮಾಡಿ, ಮಾವಿನಹಣ್ಣಿನ ಮರದ ಪೆಟ್ಟಿಗೆ, ಇಟ್ಟಿಗೆ ಸೇರಿಸಿ ಕಟ್ಟೆ ಮಾಡಿಕೊಂಡೆವು. ಮೊದಲು ಬಿಳಿ ಬಟ್ಟೆ ಹೊದಿಸಿದ್ದೆ. ಬಿಳಿ ಕಣ್ಣಿಗೆ ಹೊಡೆದು ಕೆಂಪು ಮಡಕೆ ಕಪ್ಪಾಗಿ ಕಾಣುತ್ತಿತ್ತು. ಗೋಡೆಗೂ ಕಟ್ಟೆಗೂ ಸುಣ್ಣಕ್ಕೆ ಸ್ವಲ್ಪ ಮಸಿ ಕಲಸಿ ಬೂದಿ ಬಣ್ಣ ಹೊಡೆದ ಮೇಲೆ ಕೆಂಪು ಕೆಂಪಾಯಿತು. ಎತ್ತರ ಎಲ್ಲಕ್ಕೂ ಒಂದೇ ಅಲ್ಲ. ನೀರಿನ ಹರವಿಯನ್ನು ಬಗ್ಗಿ ನೋಡಬೇಕು, ಅದರ ಬಾಯೊಳಗಿನ ಕತ್ತಲೆ ಕಾಣಬೇಕು. ಅದನ್ನು ನೆಲದಿಂದ ಒಂದು ಗೇಣಿಗಿಂತ ಮೇಲೆ ಏರಿಸಲೇ ಇಲ್ಲ. ಹಣತೆ, ಕುಡಿಕೆಗಳು ಮಾತ್ರ ಕಣ್ಣಿನ ಮಟ್ಟದಲ್ಲಿ.

ಲೈಟಿಗೆ ಖರ್ಚಾಗಿದ್ದು ಸೊನ್ನೆ. ಕಾಗದ, ಬಟ್ಟೆ ಆದರೆ ಬಿಸಿಲಿಗೆ ಮಂಕಾಗುತ್ತೆ. ಸುಟ್ಟ ಮಣ್ಣಿಗೆ ಬೆಳಕಿನ ಭಯ ಇಲ್ಲ. ಮಡಕೆಗಳನ್ನು ಕಿಟಕಿ ಪಕ್ಕಕ್ಕೆ ಸರಿಸಿದೆವು. ಬೆಳಿಗ್ಗೆ ಓರೆಯಾಗಿ ಬಿಸಿಲು ಬಿದ್ದಾಗ ತಿಗರಿ ಮೇಲೆ ತಿರುಗುವಾಗ ಮೂಡಿದ ಬೆರಳಿನ ಗೆರೆಗಳು, ಆಮೇಲೆ ಹಲಗೆಯಿಂದ ಬಡಿದು ತಳ ತಟ್ಟಿದ ಗುರುತು, ಎಲ್ಲ ಎದ್ದು ಬರುತ್ತಿದ್ದವು. ಮಧ್ಯಾಹ್ನ ಬಂದವರಿಗೆ ಅದು ಸಿಗಲಿಲ್ಲ. ಏನು ಮಾಡೋದು.

ಚೂರುಗಳ ಡಬ್ಬಿಯೇ ನನಗೆ ಹೆಚ್ಚು ಇಷ್ಟವಾದದ್ದು. ಕುಂಟೆಬಿಲ್ಲೆ ಆಡೋ ಬೋಕಿ ಥರ ಕಾಣುವ ಚೂರುಗಳು, ಹೊರಗೆ ಕೆಂಪು, ಒಳಗೆ ಕಪ್ಪು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಬೃಹತ್ ಶಿಲಾ ಸಮಾಧಿಗಳ ಕಾಲದ ಪದರದಲ್ಲಿ ಸಿಕ್ಕಿದ್ದು ಇದೇ ಜಾತಿಯ ಮಡಕೆ. ಆವಿಗೆಯಲ್ಲಿ ಬೋರಲು ಹಾಕಿ ಸುಟ್ಟರೆ ಒಳಭಾಗಕ್ಕೆ ಗಾಳಿ ಸಿಗದೆ ಕಪ್ಪಾಗುತ್ತೆ, ಹೊರಗೆ ಗಾಳಿ ಆಡಿ ಕೆಂಪಾಗುತ್ತೆ ಅಂತ ಸಾಮಾನ್ಯವಾಗಿ ವಿವರಿಸುತ್ತಾರೆ. ಎರಡೂ ಮುಖ ತೋರಿಸಬೇಕಲ್ಲ? ಕ್ಷೌರದಂಗಡಿಯ ಹಳೇ ಕನ್ನಡಿ ತಂದು, ಎರಡು ಇಟ್ಟಿಗೆ ಮಧ್ಯೆ ಮಲಗಿಸಿ, ಮೇಲೆ ತಂತಿ ಬಲೆ ಹಾಸಿ ಚೂರು ಜೋಡಿಸಿದೆವು. ಮೇಲಿಂದ ಕೆಂಪು, ಕನ್ನಡಿಯಲ್ಲಿ ಕಪ್ಪು. ಹುಡುಗರು ಅಲ್ಲೇ ಜಾಸ್ತಿ ಹೊತ್ತು ನಿಂತರು.

ಹೆಸರಿನ ಚೀಟಿಗಳನ್ನು ಮಂಗಳೂರು ಹೆಂಚಿಗೆ ಅಂಟಿಸಿ ಒರಗಿಸಿದೆವು. ಬಿಚ್ಚಿದ ಮನೆಯೊಂದರಿಂದ ಪುಕ್ಕಟೆ ಸಿಕ್ಕಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಕತೆಯನ್ನು ಒಂದು ಹೆಂಚಿನ ಮೇಲೇ ಬರೆದೆವು. ಹೆಂಚೂ ಸುಟ್ಟ ಮಣ್ಣೇ ಅಲ್ವಾ.

ಒಂದು ಎಡವಟ್ಟು ಹೇಳಲೇಬೇಕು. ಉಪ್ಪು ತುಂಬಿಡುತ್ತಿದ್ದ ಮಡಕೆಯೊಂದನ್ನು ನಾನೇ ಚೆನ್ನಾಗಿ ತೊಳೆದು ಬಿಸಿಲಿಗಿಟ್ಟೆ. ಮೂರನೇ ದಿನ ಮೈಯೆಲ್ಲ ಬೆಳ್ಳಗೆ ಬೂರು, ಮುಟ್ಟಿದರೆ ಚಕ್ಕೆ ಏಳುತ್ತಿತ್ತು. ವರ್ಷಗಟ್ಟಲೆ ಒಳಗೆ ಕೂತ ಉಪ್ಪು ನೀರಿಗೆ ಕರಗಿ, ನೀರು ಆರುವಾಗ ಮೇಲೆ ಬಂದು ಹರಳುಗಟ್ಟಿ, ಮಣ್ಣನ್ನೇ ತಳ್ಳಿತ್ತು. ತೊಳೆಯದೆ ಒಣ ಬ್ರಷ್‌ನಲ್ಲಿ ಧೂಳು ತೆಗೆದಿದ್ದರೆ ಸಾಕಿತ್ತು. ಅದನ್ನು ಬಚ್ಚಿಡಲಿಲ್ಲ. 'ಇದನ್ನು ತೊಳೆದು ಕೆಡಿಸಿದ್ದು ನಾವೇ' ಅಂತ ಚೀಟಿ ಬರೆದು ಇಟ್ಟೆವು.

ಶುರುವಾಗುವ ಹಿಂದಿನ ದಿನ ಪಕ್ಕದ ಹಳ್ಳಿಯ ಕುಂಬಾರಜ್ಜ ಬಂದರು. ನನ್ನ ಚೀಟಿಗಳಲ್ಲಿ 'ಮಡಕೆ, ಎತ್ತರ 32 ಸೆಂ.ಮೀ.' ಅಂತ ಇತ್ತು. "ಎಲ್ಲಾನೂ ಮಡಕೆ ಅಂದ್ರೆ ಹೆಂಗವ್ವಾ?" ಅಂತ ಒಂದೊಂದನ್ನೇ ತೋರಿಸುತ್ತಾ ಹೋದರು. ಇದು ಹರವಿ, ಇದು ಬಾನಿ, ಇದು ಮೊಗೆ, ಇದು ಕುಡಿಕೆ. ರಾತ್ರಿ ಒಂಬತ್ತರವರೆಗೆ ಚೀಟಿಗಳನ್ನು ಮತ್ತೆ ಬರೆದೆವು. ಹೋಗುವಾಗ 'ಮುಟ್ಟಬೇಡಿ' ಬೋರ್ಡು ನೋಡಿ ನಿಂತರು. ಮಡಕೆ ಕೊಳ್ಳೋರು ಬೆರಳಿಂದ ಬಡಿದು ಸದ್ದು ಕೇಳದೆ ಕೊಳ್ಳುತ್ತಾರಾ ಅಂತ ಅವರ ಪ್ರಶ್ನೆ. ಹಾಗಾಗಿ ಬಾಗಿಲ ಹತ್ತಿರ ಎರಡು ಹೊಸ ಗಡಿಗೆ ಇಟ್ಟೆವು, ಒಂದು ಗಟ್ಟಿ, ಒಂದು ಬಿರುಕು ಬಿಟ್ಟಿದ್ದು. ಪಕ್ಕದಲ್ಲಿ 'ಬಡಿದು ನೋಡಿ' ಅಂತ ಬೋರ್ಡು. ಐದು ದಿನ ಇಡೀ ಕಾರಿಡಾರಿನಲ್ಲಿ ಠಣ್, ಡಬ್, ಠಣ್, ಡಬ್. ಪಕ್ಕದ ತರಗತಿಯ ಲೆಕ್ಕದ ಮೇಷ್ಟ್ರು ಎರಡು ಸಲ ಬಂದು ಬೈದರು. ಎರಡನೇ ಸಲ ಹೋಗುವಾಗ ಅವರೂ ಒಂದೇಟು ಬಡಿದೇ ಹೋದರು.

ಒಟ್ಟು ಖರ್ಚು 7,460 ರೂಪಾಯಿ. ಆಫೀಸಿನವರು ಸಿಂಬೆಗೂ ಬಿಲ್ ಕೇಳಿದ್ದಾರೆ.