ಮೇ ತಿಂಗಳ ಹಿಮದಲ್ಲಿ ಕಾಂಚನಜುಂಗಾ ನೋಡಲು: ದುರ್ಗ, ದಾವಣಗೆರೆಯ ಕಡೆಯವರಿಗೊಂದು ಚಾರಣ ಕೈಪಿಡಿ

ಭಾರತದ ಅತಿ ಎತ್ತರದ ಶಿಖರ ಯಾವುದೆಂದು ಶಾಲೆಯಲ್ಲಿ ಕೇಳಿದಾಗ ನಾವೆಲ್ಲ ಗಾಡ್ವಿನ್ ಆಸ್ಟಿನ್ ಎಂದು ಬರೆದು ಅಂಕ ಪಡೆದವರು. 8611 ಮೀಟರ್ ಎತ್ತರದ ಆ ಶಿಖರವಿರುವುದು ಪಾಕಿಸ್ತಾನದ ಹಿಡಿತದಲ್ಲಿರುವ ನೆಲದಲ್ಲಿ. ನಮ್ಮ ಆಡಳಿತದಲ್ಲಿರುವ, ನಾವು ಟಿಕೆಟ್ ತೆಗೆದುಕೊಂಡು ಹೋಗಿ ಕಣ್ಣಾರೆ ನೋಡಬಹುದಾದ ಅತಿ ಎತ್ತರದ ಪರ್ವತವೆಂದರೆ ಸಿಕ್ಕಿಂ ಮತ್ತು ನೇಪಾಳದ ಗಡಿಯಲ್ಲಿ ನಿಂತಿರುವ ಕಾಂಚನಜುಂಗಾ. ಅದರ ಎತ್ತರ 8586 ಮೀಟರ್, ಜಗತ್ತಿನಲ್ಲಿ ಮೂರನೆಯ ಸ್ಥಾನ. 1955ರ ಮೇ 25ರಂದು ಮೊದಲ ಬಾರಿಗೆ ಅದನ್ನೇರಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್, ಸಿಕ್ಕಿಂನ ಜನರಿಗೆ ಈ ಪರ್ವತವು ದೈವವೆಂಬ ಕಾರಣದಿಂದ, ಕೊಟ್ಟ ಮಾತಿನಂತೆ ತುತ್ತತುದಿಯನ್ನು ಮೆಟ್ಟದೆ ಕೆಲವೇ ಅಡಿಗಳ ಕೆಳಗಿನಿಂದ ಹಿಂತಿರುಗಿದರು. ಸಿಕ್ಕಿಂನ ಕಡೆಯಿಂದ ಈಗ ಆರೋಹಣಕ್ಕೆ ಅನುಮತಿಯೇ ಇಲ್ಲ. ಆದುದರಿಂದ ಇಲ್ಲಿ ಹೇಳುತ್ತಿರುವುದು ಹತ್ತುವ ವಿಚಾರವಲ್ಲ, ನಡೆದುಹೋಗಿ ನೋಡಿ ಬರುವ ವಿಚಾರ.

ನೋಡಲು ಹೋಗುವ ದಾರಿ ಪಶ್ಚಿಮ ಸಿಕ್ಕಿಂನ ಯುಕ್ಸೊಮ್ ಎಂಬ ಊರಿನಿಂದ ಆರಂಭವಾಗುತ್ತದೆ. 1642ರಲ್ಲಿ ಸಿಕ್ಕಿಂನ ಮೊದಲ ದೊರೆಗೆ ಪಟ್ಟ ಕಟ್ಟಿದ ಊರು ಇದು. ಇದರ ಎತ್ತರ ಸುಮಾರು 1780 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರ್ ಎಂಬುದನ್ನು ನೆನೆದರೆ, ನಮ್ಮ ರಾಜ್ಯದ ಬೆಟ್ಟಗಳು ಮುಗಿಯುವ ಮಟ್ಟದಲ್ಲಿ ಅಲ್ಲಿಯ ನಡಿಗೆ ಶುರುವಾಗುತ್ತದೆ ಎಂಬುದು ಮನವರಿಕೆಯಾದೀತು. ಯುಕ್ಸೊಮ್‌ನಿಂದ ಸಾಚೆನ್, ಬಾಕಿಮ್, ತ್ಶೋಕಾ, ಫೆದಾಂಗ್, ಜೋಂಗ್ರಿ, ಕೊಕ್ಚುರಾಂಗ್, ಥಾನ್‌ಸಿಂಗ್, ಲಮುನೆ ಎಂಬ ತಂಗುದಾಣಗಳನ್ನು ದಾಟಿ, ಗೋಯೆಚಾ ಲಾ ಕಣಿವೆಮಾರ್ಗದ ಕೆಳಗೆ ಸುಮಾರು 4600 ಮೀಟರ್ ಎತ್ತರದಲ್ಲಿರುವ ಮೊದಲ ನೋಟದ ತಾಣದವರೆಗೆ ಹೋಗಿ ಬರಲು ಎಂಟು ದಿನಗಳಾದರೂ ಬೇಕು.

ಏಪ್ರಿಲ್ ಕೊನೆಯ ವಾರದಿಂದ ಮೇ ಮಧ್ಯದವರೆಗಿನ ಅವಧಿಯಲ್ಲಿ ಜೋಂಗ್ರಿಯ ಮೇಲ್ಭಾಗದಲ್ಲಿ ಚಳಿಗಾಲದ ಹಿಮ ಇನ್ನೂ ಅಲ್ಲಲ್ಲಿ ಉಳಿದಿರುತ್ತದೆ. ಕೆಳಗಿನ ಕಾಡಿನಲ್ಲಿ ಗುರಾಸ್ ಎಂದು ಅಲ್ಲಿಯವರು ಕರೆಯುವ ರೋಡೋಡೆಂಡ್ರಾನ್ ಕೆಂಪಾಗಿ ಅರಳಿರುತ್ತದೆ. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಪರ್ವತದ ನೋಟವೊಂದೇ ಮುಖ್ಯವೆನ್ನುವವರು ಅಕ್ಟೋಬರ್ ಕೊನೆಯಲ್ಲಿ ಹೋಗುವುದು ಮೇಲು, ಆಗ ಆಕಾಶ ತೊಳೆದಿಟ್ಟಂತಿರುತ್ತದೆ. ಮೇ ತಿಂಗಳಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆಲ್ಲ ಮೋಡ ಮೇಲೇರತೊಡಗುತ್ತದೆ, ಮಧ್ಯಾಹ್ನ ಮಳೆಯೋ ಹಿಮವೋ ಬೀಳುತ್ತದೆ. ಹಿಮದ ಮೇಲೆ ನಡೆಯುವ ಆಸೆಯೂ ಇದ್ದರೆ ಮಾತ್ರ ಈ ಕಾಲವನ್ನು ಆರಿಸಿಕೊಳ್ಳಿ, ಮತ್ತು ಈ ಕಾಲದಲ್ಲಿ ಕಾಲಿನ ಬಲಕ್ಕಿಂತ ಗಡಿಯಾರಕ್ಕೆ ಹೆಚ್ಚು ಬೆಲೆ ಎಂಬುದನ್ನು ಹೊರಡುವ ಮೊದಲೇ ಒಪ್ಪಿಕೊಳ್ಳಿ.

ತಯಾರಿಗೆ ಮೂರು ತಿಂಗಳು ಬೇಕು. ಚಿತ್ರದುರ್ಗದವರಿಗೆ ಕೋಟೆಯೇ ವ್ಯಾಯಾಮಶಾಲೆ. ಬೆಳಗಿನ ತಂಪಿನಲ್ಲಿ ಏಳೆಂಟು ಕಿಲೋ ಭಾರದ ಚೀಲವನ್ನು ಬೆನ್ನಿಗೇರಿಸಿಕೊಂಡು ಏಕನಾಥೇಶ್ವರಿ ಗುಡಿಯವರೆಗೆ ಏರಿ, ಗೋಪಾಲಸ್ವಾಮಿ ಹೊಂಡದ ಕಡೆ ಇಳಿದು, ನಿಲ್ಲದೆ ಮತ್ತೆ ಏರುವುದನ್ನು ವಾರಕ್ಕೆ ನಾಲ್ಕು ದಿನ ಮಾಡಿದರೆ ಸಾಕು. ಏರುವುದಕ್ಕಿಂತ ಇಳಿಯುವುದನ್ನು ಹೆಚ್ಚು ಗಮನಿಸಿ. ಈ ಚಾರಣದಲ್ಲಿ ಮಂಡಿಗಳು ಸೋಲುವುದು ಹಿಂತಿರುಗುವಾಗ. ದಾವಣಗೆರೆಯವರಿಗೆ ಊರಲ್ಲೇ ಬೆಟ್ಟವಿಲ್ಲ. ಕುಂದವಾಡ ಕೆರೆಯ ಏರಿಯ ಮೇಲೆ ಸುತ್ತು ಹಾಕಿದರೆ ಉಸಿರು ಪಳಗುತ್ತದೆಯೇ ಹೊರತು ತೊಡೆಗಳು ಪಳಗುವುದಿಲ್ಲ. ಅಲ್ಲಿ ಒಂದು ಗಂಟೆ ಬಿರುಸಾಗಿ ನಡೆದು, ನಾಲ್ಕೈದು ಮಹಡಿಯ ಯಾವುದಾದರೂ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿಪ್ಪತ್ತು ಸಲ ಹತ್ತಿ ಇಳಿಯಿರಿ, ವಾರಕ್ಕೊಮ್ಮೆ ದುರ್ಗದ ಬಸ್ಸು ಹಿಡಿಯಿರಿ. ಇಷ್ಟೆಲ್ಲ ಮಾಡಿದರೂ ಎತ್ತರಕ್ಕೆ ದೇಹವನ್ನು ಇಲ್ಲಿಂದಲೇ ಒಗ್ಗಿಸಲು ಬರುವುದಿಲ್ಲ. ಆ ಕೆಲಸ ಅಲ್ಲಿಯೇ, ನಿಧಾನವಾಗಿ ಆಗಬೇಕು.

ಬಟ್ಟೆಯ ವಿಷಯದಲ್ಲಿ, ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಹತ್ತಿ ಬೇಡವೆಂದು ಹೇಳುವುದು ಸಂಕಟದ ಕೆಲಸ, ಆದರೂ ಹೇಳಲೇಬೇಕು. ಬೆವರಿನಿಂದ ಒದ್ದೆಯಾದ ಹತ್ತಿ ಬನಿಯನ್ ಅಲ್ಲಿಯ ಗಾಳಿಯಲ್ಲಿ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಮೈಗೆ ಅಂಟಿಕೊಳ್ಳಲು ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳಉಡುಪು, ಅದರ ಮೇಲೊಂದು ಫ್ಲೀಸ್, ತಂಗುದಾಣದಲ್ಲಿ ತೊಡಲು ದಪ್ಪ ಜಾಕೆಟ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ತೆಳುವಾದ ಹೊರಗವಸು, ಹೀಗೆ ಪದರ ಪದರವಾಗಿರಲಿ. ಒದ್ದೆಯಾದರೂ ಬೆಚ್ಚಗಿಡುವ ಗುಣ ಉಣ್ಣೆಗಿದೆಯೆಂಬುದು ಚಳ್ಳಕೆರೆಯ ಕಂಬಳಿ ಹೊದ್ದವರಿಗೆ ಗೊತ್ತು. ಕಂಬಳಿಯನ್ನು ಹೊತ್ತೊಯ್ಯಬೇಡಿ, ಉಣ್ಣೆಯ ಕಾಲುಚೀಲ ಮೂರು ಜೊತೆ ಒಯ್ಯಿರಿ. ಬೂಟುಗಳು ಕಣಕಾಲನ್ನು ಮುಚ್ಚುವಂತಿದ್ದು, ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳಾಡಿಸಲು ಜಾಗವಿರಬೇಕು. ಅವನ್ನು ಎರಡು ತಿಂಗಳಾದರೂ ಕೋಟೆಯಲ್ಲಿ ತೊಟ್ಟು ಸವೆಸಬೇಕು. ಬೂಟಿನೊಳಗೆ ಹಿಮ ನುಗ್ಗದಂತೆ ಮೊಣಕಾಲಿನ ಕೆಳಗೆ ಕಟ್ಟುವ ಗೇಟರ್, ಬೂಟಿನ ಅಡಿಗೆ ತೊಡಿಸುವ ಸಣ್ಣ ಉಕ್ಕಿನ ಹಲ್ಲುಗಳ ಮೈಕ್ರೋಸ್ಪೈಕ್, ಎರಡು ಊರುಗೋಲು, ತಲೆಗೆ ಕಟ್ಟುವ ದೀಪ, ಇವಿಷ್ಟಿಲ್ಲದೆ ಹಿಮಕ್ಕೆ ಇಳಿಯಬಾರದು. ಅಲ್ಲಿ ಬಾಡಿಗೆಗೂ ಸಿಗಬಹುದು, ಬೂಟನ್ನು ಮಾತ್ರ ಬಾಡಿಗೆಗೆ ನೆಚ್ಚಿಕೊಳ್ಳಬೇಡಿ.

ಕಪ್ಪು ಕನ್ನಡಕವನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೂ ಹಿಂದಕ್ಕೆಸೆಯುತ್ತದೆ. ಬಿಸಿಲು ಮೇಲಿನಿಂದಲೂ ಬರುತ್ತದೆ, ನೆಲದಿಂದಲೂ ಬರುತ್ತದೆ. ಬದಿಗಳನ್ನೂ ಮುಚ್ಚುವ, ನೇರಳಾತೀತ ಕಿರಣಗಳನ್ನು ತಡೆಯುವ ಕನ್ನಡಕವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ಮರಳು ಸುರಿದಂತಾಗಿ, ಒಂದೆರಡು ದಿನ ಕಣ್ಣು ಬಿಡಲಾಗದ ಸ್ಥಿತಿ ಬರುತ್ತದೆ. ನಾನು ಮೊದಲ ಸಲ ಹೋದಾಗ ಕನ್ನಡಕ ಮರೆತಿರಲಿಲ್ಲ, ಮುಖಕ್ಕೆ ಬಿಸಿಲಿನ ಲೇಪವನ್ನೂ ಬಳಿದುಕೊಂಡಿದ್ದೆ. ಮೂಗಿನ ಹೊಳ್ಳೆಗಳ ಅಡಿಗೆ, ಗದ್ದದ ಕೆಳಗೆ ಬಳಿಯಬೇಕೆಂದು ಮಾತ್ರ ಹೊಳೆದಿರಲಿಲ್ಲ. ನಲವತ್ತು ಡಿಗ್ರಿ ಬಿಸಿಲಿಗೆ ಹೆದರದ ಊರಿನವನ ಮೂಗಿನ ಅಡಿಭಾಗ ಹಿಮದ ಬೆಳಕಿಗೆ ಸುಟ್ಟು ಸುಲಿದುಹೋಯಿತು, ಒಂದು ವಾರ ಬಿಸಿ ಚಹಾದ ಲೋಟವನ್ನು ತುಟಿಯ ಹತ್ತಿರ ತರಲಾಗಲಿಲ್ಲ.

ಪ್ರಯಾಣ ಸರಳ. ಬೆಂಗಳೂರಿನಿಂದ ಬಾಗ್ದೋಗ್ರಾಕ್ಕೆ ವಿಮಾನವಿದೆ, ಗುವಾಹಟಿ ಕಡೆಯ ರೈಲುಗಳು ನ್ಯೂ ಜಲಪೈಗುರಿಗೆ ಸುಮಾರು ಎರಡು ದಿನದಲ್ಲಿ ಮುಟ್ಟಿಸುತ್ತವೆ. ಅಲ್ಲಿಂದ ಜೋರೆಥಾಂಗ್ ಮೂಲಕ ಯುಕ್ಸೊಮ್‌ಗೆ ಜೀಪಿನಲ್ಲಿ ಇಡೀ ದಿನದ ಹಾದಿ. ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಅಲ್ಲಿ ಮಾಮೂಲು, ಆದ್ದರಿಂದ ಹಿಂತಿರುಗುವ ಟಿಕೆಟ್ಟಿಗೆ ಮುನ್ನ ಒಂದು ದಿನವನ್ನು ಖಾಲಿ ಬಿಡಿ. ದಾರಿ ಪೂರ್ತಿ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನದೊಳಗೆ ಸಾಗುವುದರಿಂದ ಪರವಾನಗಿ ಮತ್ತು ಮಾರ್ಗದರ್ಶಿ ಕಡ್ಡಾಯ; ಭಾವಚಿತ್ರವಿರುವ ಗುರುತಿನ ಚೀಟಿಯ ಮೂಲ ಮತ್ತು ಪ್ರತಿಗಳು, ನಾಲ್ಕು ಫೋಟೋ ಕೈಯಲ್ಲಿರಲಿ. 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಉದ್ಯಾನವು ನಿಸರ್ಗ ಮತ್ತು ಸಂಸ್ಕೃತಿ ಎರಡರ ನೆಲೆಯಲ್ಲೂ ಆ ಗೌರವ ಪಡೆದ ಭಾರತದ ಮೊದಲ ತಾಣ.

ಮೊದಲ ಎರಡು ದಿನ ಕಾಡಿನ ಹಾದಿ, ತೂಗುಸೇತುವೆಗಳು. ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಜೋಗಳು ಸಾಮಾನು ಹೊತ್ತು ಎದುರಾದಾಗ ಗುಡ್ಡದ ಮಗ್ಗುಲಿಗೆ ಒತ್ತಿ ನಿಲ್ಲಿ, ಕಮರಿಯ ಮಗ್ಗುಲಿಗೆ ನಿಲ್ಲಬೇಡಿ.

ನಿಜವಾದ ಎಚ್ಚರ ಬೇಕಾಗುವುದು ತ್ಶೋಕಾದಿಂದ ಮುಂದೆ. ಸುಮಾರು 3000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ಒಪ್ಪಿತ ನಿಯಮ. ತ್ಶೋಕಾದಿಂದ 4000 ಮೀಟರ್ ಮೇಲಿರುವ ಜೋಂಗ್ರಿಗೆ ಒಂದೇ ದಿನ ಏರುವ ಈ ಹಾದಿ ಆ ನಿಯಮವನ್ನು ಮೀರುತ್ತದೆ. ಅದಕ್ಕೇ ತ್ಶೋಕಾದಲ್ಲಿ ಒಂದು ದಿನ, ಜೋಂಗ್ರಿಯಲ್ಲಿ ಇನ್ನೊಂದು ದಿನ ತಂಗುವ ತಂಡವನ್ನೇ ಆರಿಸಿಕೊಳ್ಳಿ. ಒಂದು ದಿನದ ಖರ್ಚು ಉಳಿಸುತ್ತೇವೆಂದು ಹೇಳುವವರ ಮಾತಿಗೆ ಮರುಳಾಗಬೇಡಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಅವು ಕಂಡರೆ ಮುಂದೆ ಏರಬಾರದು. ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡುರಾತ್ರಿಯಾದರೂ ಸರಿ, ಕೆಳಗಿಳಿಸಬೇಕು. ಇದಕ್ಕಾಗಿ ಮಾತ್ರೆಗಳುಂಟು, ಅವನ್ನು ಊರಿನಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ, ಸಲ್ಫಾ ಔಷಧಿಗಳು ಒಗ್ಗದವರು ಆ ಮಾತನ್ನು ತಪ್ಪದೆ ಹೇಳಿ.

ಜೋಂಗ್ರಿಯಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಬೆಂದ ಅನ್ನವೂ ಬಾಯಿಗೆ ರುಚಿಸುವುದಿಲ್ಲ. ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿಯ ಒಂದು ಚಿಟಿಕೆ ಆಗ ನಾಲ್ಕು ತುತ್ತು ಹೆಚ್ಚಿಗೆ ಉಣ್ಣಿಸುತ್ತದೆ. ದಾರಿಯಲ್ಲಿ ತಿನ್ನಲು ಅಂಟಿನುಂಡೆ, ಶೇಂಗಾ ಚಿಕ್ಕಿ ಒಳ್ಳೆಯದು. ಮಂಡಕ್ಕಿ ಹಗುರವೆಂದು ಕಟ್ಟಿಕೊಂಡು ಹೋದರೆ ಎರಡನೆಯ ದಿನಕ್ಕೇ ತಂಪಿಗೆ ಮೆತ್ತಗಾಗಿ ಕೂತಿರುತ್ತದೆ.

ಇನ್ನು ಹಿಮದ ನಡಿಗೆ. ವಸಂತದ ಹಿಮವು ದಿನದಲ್ಲಿ ಎರಡು ರೂಪ ತಾಳುತ್ತದೆ. ಹಗಲು ಕರಗಿದ ಮೇಲ್ಪದರ ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಬೆಳಗಿನ ಮೂರು ಗಂಟೆಗೆ ಅದರ ಮೇಲೆ ಕಾಲಿಟ್ಟರೆ ಹುರಿದ ಹಪ್ಪಳ ಮುರಿದಂತೆ ಕರಕರ ಸದ್ದಾಗುತ್ತದೆ, ಆದರೆ ಕಾಲು ಹುಗಿಯುವುದಿಲ್ಲ. ಬಿಸಿಲೇರಿದ ಮೇಲೆ ಅದೇ ಜಾಗದಲ್ಲಿ ಮೂರು ಹೆಜ್ಜೆ ಸರಿಯಾಗಿ ಬಿದ್ದು, ನಾಲ್ಕನೆಯದಕ್ಕೆ ಕಾಲು ಮೊಣಕಾಲವರೆಗೆ ಇಳಿದುಹೋಗುತ್ತದೆ. ಅದನ್ನು ಎಳೆದು ತೆಗೆಯುವಷ್ಟರಲ್ಲಿ ಉಸಿರು ಬತ್ತುತ್ತದೆ, ಅವಸರದಲ್ಲಿ ಮೈ ತಿರುಗಿದರೆ ಮಂಡಿ ಉಳುಕುತ್ತದೆ. ಹಾಗೆ ಹುಗಿದಾಗ ಎದುರಿಗೆ ಎರಡೂ ಊರುಗೋಲುಗಳನ್ನು ಅಡ್ಡಲಾಗಿಟ್ಟು, ಅವುಗಳ ಮೇಲೆ ಭಾರ ಹಾಕಿ ಕಾಲನ್ನು ನೇರ ಮೇಲಕ್ಕೆ ಎತ್ತಬೇಕು. ಗಟ್ಟಿ ಹಿಮದ ಏರಿನಲ್ಲಿ ಬೂಟಿನ ತುದಿಯಿಂದ ಎರಡು ಸಲ ಒದ್ದು ಮೆಟ್ಟಿಲು ಮಾಡಿಕೊಳ್ಳಿ, ಮುಂದಿನವರು ಮಾಡಿದ ಮೆಟ್ಟಿಲಿದ್ದರೆ ಹೊಸ ದಾರಿ ಹುಡುಕಬೇಡಿ. ಬಂಡೆಗಳ ಪಕ್ಕಕ್ಕೇ ಹೆಜ್ಜೆಯಿಡಬೇಡಿ. ಬಿಸಿಲಿಗೆ ಕಾದ ಬಂಡೆಯ ಸುತ್ತ ಹಿಮ ಒಳಗಿನಿಂದ ಕರಗಿ ಪೊಳ್ಳಾಗಿರುತ್ತದೆ. ಹಿಮದಡಿಯಲ್ಲಿ ನೀರು ಹರಿಯುವ ಸದ್ದು ಕೇಳಿದರೆ ಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು, ಮಾರ್ಗದರ್ಶಿ ದಾಟಿದ ಜಾಡಿನಲ್ಲೇ ಒಬ್ಬೊಬ್ಬರಾಗಿ ದಾಟಿ. ಹಸಿ ಹಿಮವು ಸ್ಪೈಕಿನ ಹಲ್ಲುಗಳ ನಡುವೆ ಉಂಡೆಗಟ್ಟಿಕೊಂಡರೆ ಹಲ್ಲು ಇದ್ದೂ ಇಲ್ಲದಂತೆ. ಊರುಗೋಲಿನಿಂದ ಬೂಟಿನ ಬದಿಗೆ ತಟ್ಟಿ ಉದುರಿಸುತ್ತಿರಿ.

ಈ ಕಾರಣಕ್ಕೇ ಕೊನೆಯ ಏರಿಗೆ 4200 ಮೀಟರಿನ ಲಮುನೆಯಿಂದ ನಡುರಾತ್ರಿ ಕಳೆದು ಎರಡು ಗಂಟೆಗೆ ಹೊರಡಬೇಕು. ನಾವಿರುವುದಕ್ಕಿಂತ ಬಹಳ ಪೂರ್ವದಲ್ಲಿರುವ ಆ ನಾಡಿನಲ್ಲಿ ಮೇ ತಿಂಗಳ ಸೂರ್ಯ ಐದು ಗಂಟೆಗೆ ಮೊದಲೇ ಮೂಡುತ್ತಾನೆ. ನಮ್ಮೂರಿನ ಲೆಕ್ಕದಲ್ಲಿ ಎದ್ದವರಿಗೆ ಹೊಂಬೆಳಕು ಸಿಗುವುದಿಲ್ಲ. ಕ್ಯಾಮೆರಾದ ಬ್ಯಾಟರಿ, ಮೊಬೈಲು, ತೇವವಿರುವ ಕಾಲುಚೀಲ ಮೂರನ್ನೂ ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ, ಇಲ್ಲವಾದರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ, ಕಾಲುಚೀಲ ಮರಗಟ್ಟಿರುತ್ತದೆ. ಸಮಿತಿ ಸರೋವರದ ಬದಿಯಲ್ಲಿ ಬಂಡೆಗಳ ನಡುವೆ ಸಾಗಿ, ಅಲ್ಲಿಂದ ಕಡಿದಾದ ದಿಣ್ಣೆಯನ್ನೇರಬೇಕು. ಅದು ಪವಿತ್ರ ಸರೋವರ, ನೀರಿಗಿಳಿಯುವುದಾಗಲಿ ಕೈಕಾಲು ತೊಳೆಯುವುದಾಗಲಿ ಸಲ್ಲದು. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ಕ್ಕಿಂತ ಕಡಿಮೆ. ಒಂದು ಉಸಿರಿಗೆ ಒಂದು ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾಲನ್ನು ನೇರವಾಗಿಸಿ ಒಂದು ಕ್ಷಣ ಅದರ ಮೇಲೆ ನಿಲ್ಲುವುದು, ಇದೇ ವೇಗ. ಕೋಟೆಯ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದ ಹುಡುಗರೇ ಇಲ್ಲಿ ಮೊದಲು ಕೂರುವುದನ್ನು ಕಂಡಿದ್ದೇನೆ.

ದಿಣ್ಣೆಯ ಮೇಲೆ ನಿಂತಾಗ ಬಲಗಡೆ 6691 ಮೀಟರ್ ಎತ್ತರದ ಪಾಂಡಿಮ್ ಇನ್ನೂ ಕಪ್ಪಗಿರುತ್ತದೆ. ಮೊದಲ ಬೆಳಕು ಕಾಂಚನಜುಂಗಾದ ತುದಿಗೇ ತಗುಲಿ, ಅರಿಶಿನ ಬಣ್ಣದ ಗೆರೆ ನಿಧಾನವಾಗಿ ಕೆಳಗಿಳಿಯುತ್ತದೆ. ಕೈಗವಸು ತೆಗೆದು ಫೋಟೋ ತೆಗೆಯುವುದನ್ನು ಐದು ನಿಮಿಷಕ್ಕೆ ಮುಗಿಸಿ. ಆರೂವರೆಗೆಲ್ಲ ಇಳಿಯತೊಡಗಿ, ಹಿಮ್ಮಡಿಯನ್ನು ಮೊದಲು ಊರುತ್ತ, ಹಿಮ ಮೆತ್ತಗಾಗುವ ಮುನ್ನ ಸರೋವರವನ್ನು ದಾಟಿ. ಇಷ್ಟು ದೂರ ಬರಲಾಗದವರು ಜೋಂಗ್ರಿಯವರೆಗೆ ಬಂದು, ಅಲ್ಲಿಯ ಗುಡ್ಡವನ್ನು ನಸುಕಿನಲ್ಲಿ ಹತ್ತಿದರೂ ಪರ್ವತ ಕಾಣುತ್ತದೆ. ಐದಾರು ದಿನದಲ್ಲಿ ಮುಗಿಯುವ ಆ ಹಾದಿಯೂ ಕೀಳಲ್ಲ.

ಒಯ್ದ ಪ್ಲಾಸ್ಟಿಕ್ ಎಲ್ಲವನ್ನೂ ಯುಕ್ಸೊಮ್‌ಗೆ ಮರಳಿ ತನ್ನಿ, ಚಿಕ್ಕಿಯ ಹಾಳೆಯನ್ನೂ ಸೇರಿಸಿ. ಊರು ಸೇರಿದ ಮೇಲೆ ಒದ್ದೆ ಬೂಟುಗಳನ್ನು ಮೇ ತಿಂಗಳ ಬಿಸಿಲಿನಲ್ಲಿ ತಾರಸಿಯ ಮೇಲಿಡಬೇಡಿ, ಅಡಿಯ ಅಂಟು ಬಿಟ್ಟುಹೋಗುತ್ತದೆ. ಒಳಗೆ ಹಳೆಯ ದಿನಪತ್ರಿಕೆಯ ಉಂಡೆಗಳನ್ನು ತುರುಕಿ, ನೆರಳಿನಲ್ಲಿ ಮೂರು ದಿನ ಇಡಿ.