ಹಳೇ ನೋವಾಗೆ ಎಲ್‌ಎಸ್ ಎಂಜಿನ್: ಚೇಂಬರ್ ಕೊಳ್ಳುವ ಮುಂಚೆ ಗಾಡಿ ಕೆಳಗೆ ಮಲಗಿ ನೋಡಿ

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಎಂಜಿನ್ನಿನ ತಳದಲ್ಲಿ ಆಯಿಲ್ ಹಿಡಿದಿಡುವ ಪಾತ್ರೆಗೆ ಯಾರೂ ಆಯಿಲ್ ಪ್ಯಾನ್ ಅನ್ನುತ್ತಿರಲಿಲ್ಲ. ಅದು ಚೇಂಬರ್. ಯಾರಾದರೂ ಹಂಪ್ ನೋಡದೆ ಗಾಡಿ ಹಾರಿಸಿ, ಹಿಂದೆ ಕಪ್ಪು ಗೆರೆ ಎಳೆದುಕೊಂಡು ಬಂದರೆ, ಚಿಕ್ಕಪ್ಪ ಬಗ್ಗಿ ನೋಡುವ ಮುಂಚೆಯೇ "ಚೇಂಬರ್ ಹೋಯ್ತು" ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಮಿಷಿಗನ್‌ನ ಒಂದು ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ನನ್ನದೇ ಗಾಡಿಯ ಹಿಂದೆ ಅದೇ ಕಪ್ಪು ಗೆರೆ ಕಂಡಿತು.

ಗಾಡಿ 1972ರ ಶೆವ್ರೊಲೆ ನೋವಾ. ನನ್ನ ಕೈಗೆ ಬಂದಾಗ ಅದರಲ್ಲಿ 250 ಕ್ಯೂಬಿಕ್ ಇಂಚಿನ, ಅಂದರೆ 4.1 ಲೀಟರಿನ, ಆರು ಸಿಲಿಂಡರ್ ಎಂಜಿನ್ ಇತ್ತು. ಅದನ್ನು ಇಳಿಸಿ 2003ರ ಸಿಲ್ವರಾಡೊ ಟ್ರಕ್ಕಿನ 5.3 ಲೀಟರ್ ವಿ8 ಕೂರಿಸಿದೆ. ಜನರಲ್ ಮೋಟರ್ಸ್‌ನವರು ಇದಕ್ಕೆ ಎಲ್‌ಎಂ7 ಅನ್ನುತ್ತಾರೆ. 1997ರ ಕಾರ್ವೆಟ್‌ನಲ್ಲಿ ಮೊದಲು ಬಂದ ಎಲ್‌ಎಸ್1ರ ಬಳಗದ್ದೇ, ಆ ಇಡೀ ಬಳಗಕ್ಕೇ ಎಲ್‌ಎಸ್ ಅನ್ನುವುದು. ಟ್ರಕ್ಕುಗಳಲ್ಲಿ ಲೆಕ್ಕವಿಲ್ಲದಷ್ಟು ಬಂದಿದ್ದರಿಂದ ಇಲ್ಲಿನ ಜಂಕ್‌ಯಾರ್ಡ್‌ಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದಕ್ಕೇ ಎಲ್ಲರೂ ಅದರ ಹಿಂದೆ ಬಿದ್ದಿರುವುದು.

ಎಂಜಿನ್ ಮಾರಿದವನು "ಎಲ್ಲಾ ಎಲ್‌ಎಸ್ ಪ್ಯಾನ್‌ಗಳೂ ಒಂದಕ್ಕೊಂದು ಕೂರುತ್ತವೆ, ಯೋಚನೆ ಮಾಡಬೇಡ" ಅಂದ. ಅವನು ಸುಳ್ಳು ಹೇಳಲಿಲ್ಲ. ಎಲ್‌ಎಸ್ ಬ್ಲಾಕ್‌ಗೆ ಬಳಗದ ಯಾವ ಪ್ಯಾನ್ ಬೇಕಾದರೂ ಬೋಲ್ಟ್ ಆಗುತ್ತದೆ. ಆದರೆ ಪ್ಯಾನ್ ಬ್ಲಾಕ್‌ಗೆ ಕೂತರೆ ಸಾಲದು, ಗಾಡಿಗೂ ಕೂರಬೇಕಲ್ವಾ? ಅಲ್ಲೇ ನಾನು ಎಡವಿದ್ದು. ಟ್ರಕ್ಕಿನ ಪ್ಯಾನನ್ನೇ ಇಟ್ಟುಕೊಂಡು, ಎಂಜಿನ್ನನ್ನು ಗಾಡಿಯ ಮೌಂಟಿಗೆ ಹೊಂದಿಸುವ ಮೌಂಟ್ ಪ್ಲೇಟ್ ಹಾಕಿ ಇಳಿಸಿಬಿಟ್ಟೆ. ಅದರ ಸಂಪ್, ಅಂದರೆ ಆಯಿಲ್ ನಿಲ್ಲುವ ಗುಂಡಿ, ಎಂಟು ಇಂಚಿಗೂ ಜಾಸ್ತಿ ಆಳ. ನನ್ನ ನೋವಾದಲ್ಲಿ ಅದು ಚೌಕಟ್ಟಿನ ಅಡ್ಡ ತೊಲೆಯಾದ ಕ್ರಾಸ್‌ಮೆಂಬರಿಗಿಂತ ಎರಡು ಇಂಚು ಕೆಳಗೆ ಜೋತುಬಿದ್ದಿತ್ತು. ಮೂರನೇ ವಾರದಲ್ಲೇ ಆ ಇಳಿಜಾರಿನಲ್ಲಿ ಡ್ರೈನ್ ಬೋಲ್ಟಿನ ಪಕ್ಕ ಸೀಳಿತು. ಚಿಕ್ಕಪ್ಪನ ಕಾಲದ ತಗಡಿನ ಚೇಂಬರ್ ಆಗಿದ್ದರೆ ತಗ್ಗು ಬೀಳುತ್ತಿತ್ತು, ಸುತ್ತಿಗೆಯಲ್ಲಿ ತಟ್ಟಿ ಮನೆಗೆ ತರಬಹುದಿತ್ತು. ಎಲ್‌ಎಸ್‌ದು ಎರಕದ ಅಲ್ಯೂಮಿನಿಯಂ. ಅದು ಬಗ್ಗುವುದಿಲ್ಲ, ಒಡೆಯುತ್ತದೆ.

ಫೋನಿನಲ್ಲಿ ಕಥೆ ಕೇಳಿದ ಚಿಕ್ಕಪ್ಪ ನಕ್ಕರು. "ಚೇಂಬರ್ ಯಾವತ್ತೂ ಮೆಂಬರ್‌ಗಿಂತ ಕೆಳಗಿರಬಾರ್ದು ಕಣಪ್ಪ. ಅಷ್ಟು ದೂರ ಹೋಗಿ ಓದಿ ಇದನ್ನ ಕಲೀಲಿಲ್ವಾ?"

ಈಗ ಕೆಲಸಕ್ಕೆ ಬರೋಣ. ಪ್ಯಾನ್ ಹುಡುಕುವ ಮುಂಚೆ ಗಾಡಿ ಅಳೆಯಬೇಕು. ಮೌಂಟ್ ಪ್ಲೇಟ್ ಕೊಳ್ಳುವುದಕ್ಕೂ ಮುಂಚೆ. ಏಕೆಂದರೆ ಎಂಜಿನ್ ಎಷ್ಟು ಮುಂದೆ ಕೂರಬೇಕು, ಎಷ್ಟು ಎತ್ತರದಲ್ಲಿ ಕೂರಬೇಕು ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡುವುದು ಪ್ಯಾನೇ. ಅದು ಅಡ್ಡ ಬಂತು ಅಂತ ಎಂಜಿನ್ ಮೇಲೆತ್ತಿದರೆ ಇನ್‌ಟೇಕ್ ಬಾನೆಟ್ಟಿಗೆ ತಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಹಿಂದಕ್ಕೆ ತಳ್ಳಿದರೆ ಹೆಡ್‌ಗಳು ಫೈರ್‌ವಾಲ್‌ಗೆ ತಾಗುತ್ತವೆ. ಮುಂದಕ್ಕೆ ತಂದರೆ ಸಂಪ್ ಹೋಗಿ ಕ್ರಾಸ್‌ಮೆಂಬರಿಗೆ ಗುದ್ದುತ್ತದೆ.

1968ರಿಂದ 1974ರವರೆಗಿನ ನೋವಾ ಮತ್ತು 1967ರಿಂದ 69ರ ಕ್ಯಾಮರೊ ಎರಡರ ಮುಂಭಾಗವೂ ಹೆಚ್ಚುಕಡಿಮೆ ಒಂದೇ ತರ. ಸ್ಟೀರಿಂಗಿನ ಸೆಂಟರ್ ಲಿಂಕ್, ಅಂದರೆ ಎರಡೂ ಮುಂಚಕ್ರಗಳನ್ನು ಜೊತೆಗೆ ತಿರುಗಿಸುವ ಅಡ್ಡ ಸರಳು, ಕ್ರಾಸ್‌ಮೆಂಬರಿನ ಹಿಂದೆ, ಎಂಜಿನ್ನಿನ ಹೊಟ್ಟೆಯ ಕೆಳಗೆ ಅಡ್ಡ ಹಾಯುತ್ತದೆ. ಹಾಗಾಗಿ ಪ್ಯಾನಿನ ಮುಂಭಾಗ ತೆಳ್ಳಗಿರಬೇಕು, ಆಳ ಇರುವ ಸಂಪ್ ಹಿಂದೆ ಇರಬೇಕು. ಸಂಪ್ ಶುರುವಾಗುವ ಜಾಗ ಸೆಂಟರ್ ಲಿಂಕ್ ದಾಟಿ ಹಿಂದಕ್ಕಿರಬೇಕು.

ನಾನು ಎರಡನೇ ಸಲ ಮಾಡಿದ್ದು ಹೀಗೆ. ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿದೆ. ಜಾಕ್ ಸ್ಟ್ಯಾಂಡಿನ ಮೇಲೆ ಅಳೆದರೆ ಸಸ್ಪೆನ್ಷನ್ ಜೋತುಬಿದ್ದಿರುತ್ತದೆ, ನೆಲದಿಂದ ಎಷ್ಟು ಎತ್ತರ ಅನ್ನುವ ಲೆಕ್ಕವೇ ತಪ್ಪುತ್ತದೆ. ಪ್ಯಾನ್ ಬಿಚ್ಚಿದ ಎಂಜಿನ್ನಿಗೆ ಕೆಳಗಿಂದ ಪ್ಲಾಸ್ಟಿಕ್ ಸುತ್ತಿ, ಹಾಯ್ಸ್ಟ್‌ನಲ್ಲಿ ತೂಗುಹಾಕಿ ಜಾಗಕ್ಕೆ ಇಳಿಸಿದೆ. ಬ್ಲಾಕಿನ ಹಿಂಬದಿಯ ಮುಖ, ಅಂದರೆ ಗೇರ್‌ಬಾಕ್ಸಿನ ಮುಂದಿನ ಕವಚವಾದ ಬೆಲ್‌ಹೌಸಿಂಗ್ ಕೂರುವ ಮುಖದಿಂದ ಎಲ್ಲಾ ಅಳತೆ ತೆಗೆದೆ. ಅಲ್ಲಿಂದ ಸೆಂಟರ್ ಲಿಂಕಿಗೆ ಎಷ್ಟು, ಕ್ರಾಸ್‌ಮೆಂಬರಿಗೆ ಎಷ್ಟು, ಪ್ಯಾನ್ ಕೂರುವ ಅಂಚಿನಿಂದ ಲಿಂಕಿನ ನೆತ್ತಿಗೆ ಎಷ್ಟು, ಕ್ರಾಸ್‌ಮೆಂಬರಿನ ತಳಕ್ಕೆ ಎಷ್ಟು. ಸ್ಟೀರಿಂಗ್ ನೇರ ಇಟ್ಟು ಒಂದು ಸಲ, ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸಲ, ಪೂರ್ತಿ ಬಲಕ್ಕೆ ಒಂದು ಸಲ. ಲಿಂಕ್ ನೇರವಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಕಮಾನಿನಂತೆ ಸರಿಯುತ್ತದೆ. ನೇರ ಇದ್ದಾಗ ಕಾಣುವ ಜಾಗ ಪೂರ್ತಿ ತಿರುಗಿಸಿದಾಗ ಇರುವುದಿಲ್ಲ.

ಸಿಕ್ಕ ಅಳತೆಯಲ್ಲಿ ಅರ್ಧ ಇಂಚು ಕಳೆಯಿರಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಹೊರಳುತ್ತದೆ. ನಿಂತ ಗಾಡಿಯಲ್ಲಿ ಬೆರಳು ತೂರಿತು ಅಂತ ಖುಷಿಪಡಬೇಡಿ.

ಆಮೇಲೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಪ್ಯಾನಿನ ಪಕ್ಕದ ನೋಟ ಮಾಡಿಕೊಳ್ಳಿ. ಪ್ಯಾನ್ ಮಾಡುವವರು ಅಳತೆ ಇರುವ ಚಿತ್ರ ಕೊಡುತ್ತಾರೆ. ಮುಂಭಾಗದ ಆಳ, ಸಂಪಿನ ಆಳ, ಸಂಪಿನ ಉದ್ದ. ಈ ಮೂರು ಸಿಕ್ಕರೆ ಸಾಕು. ನನ್ನ ಮಗಳು ಒಂದು ಸಂಜೆ ಕೂತು ಇಂಥ ನಾಲ್ಕು ರಟ್ಟು ಕತ್ತರಿಸಿಕೊಟ್ಟಳು, ಪ್ರತಿಯೊಂದಕ್ಕೂ ಒಂದೊಂದು ಮೀನಿನ ಕಣ್ಣು ಬರೆದು. ಆ ಮೀನುಗಳು ನನ್ನ ನೂರಾರು ಡಾಲರ್ ಉಳಿಸಿದವು.

ಯಾವ ಮೀನು ಯಾವುದು ಅಂದರೆ:

ಟ್ರಕ್ ಪ್ಯಾನ್ ಬಗ್ಗೆ ಆಗಲೇ ಅತ್ತಾಯಿತು. ಆರು ಕ್ವಾರ್ಟ್, ಅಂದರೆ ಸುಮಾರು 5.7 ಲೀಟರ್ ಆಯಿಲ್ ಹಿಡಿಯುತ್ತದೆ, ಗಟ್ಟಿಮುಟ್ಟು, ಪುಕ್ಕಟೆ. ನಿಮ್ಮದು ಹಳೇ ಟ್ರಕ್ ಆಗಿದ್ದು ನೆಲದಿಂದ ಎತ್ತರ ಇದ್ದರೆ ಇದನ್ನೇ ಇಟ್ಟುಕೊಳ್ಳಿ. ತಗ್ಗಿನ ಕಾರಿಗೆ ಬೇಡ.

1998ರಿಂದ 2002ರ ಕ್ಯಾಮರೊ ಮತ್ತು ಫೈರ್‌ಬರ್ಡ್‌ನ ಎಲ್‌ಎಸ್1 ಪ್ಯಾನನ್ನು ಇಲ್ಲಿ ಎಫ್-ಬಾಡಿ ಪ್ಯಾನ್ ಅನ್ನುತ್ತಾರೆ. ಆಳ ಐದೂವರೆ ಇಂಚಿನ ಆಸುಪಾಸು, ಹಿಂದೆ ಸಂಪ್, ಫಿಲ್ಟರ್ ಸೇರಿ ಐದೂವರೆ ಕ್ವಾರ್ಟ್. ಬಹಳ ವರ್ಷ ಎಲ್ಲರ ಮೊದಲ ಆಯ್ಕೆ ಇದೇ ಆಗಿತ್ತು. ತೊಂದರೆ ಏನೆಂದರೆ ಸಂಪ್ ಉದ್ದ. ಮೌಂಟ್ ಪ್ಲೇಟ್ ಸ್ವಲ್ಪ ಮುಂದೆ ಇದ್ದರೂ ಸೆಂಟರ್ ಲಿಂಕಿಗೆ ಹತ್ತಿರ ಬರುತ್ತದೆ. ಆ ಕಾರುಗಳು ನಿಂತು ಎರಡು ದಶಕ ದಾಟಿದ್ದರಿಂದ ಒಳ್ಳೇ ಪ್ಯಾನ್ ಸಿಗುವುದೂ ಕಷ್ಟ. ಸಿಕ್ಕರೆ ಡ್ರೈನ್ ಬೋಲ್ಟಿನ ಮರೆ (ಥ್ರೆಡ್) ಸವೆದಿದೆಯಾ, ಎಲ್ಲಾದರೂ ವೆಲ್ಡಿಂಗ್ ಗುರುತು ಇದೆಯಾ ನೋಡಿ. ಗ್ಯಾಸ್ಕೆಟ್ ಕೂರುವ ಮುಖವನ್ನು ಗಾಜಿನ ಮೇಲೆ ಬೋರಲು ಹಾಕಿ, ಅಲ್ಲಾಡಿದರೆ ವಾಪಸ್ ಕೊಡಿ.

ಕಾರ್ವೆಟ್ ಪ್ಯಾನ್ ಐದು ಇಂಚಿಗಿಂತಲೂ ತೆಳ್ಳಗೆ. ನೋಡಿದರೆ ಆಸೆ ಆಗುತ್ತದೆ. ಆದರೆ 1997ರಿಂದ 2004ರ ಸಿ5 ಕಾರ್ವೆಟ್ಟಿನದಕ್ಕೆ ಎರಡೂ ಪಕ್ಕ ಬಾವಲಿ ರೆಕ್ಕೆ ಇದೆ. ಕಡಿಮೆ ಆಳದಲ್ಲೇ ಆರೂವರೆ ಕ್ವಾರ್ಟ್ ತುಂಬಿಸಲು ಹಾಗೆ ಮಾಡಿದ್ದಾರೆ. ಆ ರೆಕ್ಕೆಗಳಿಗೆ ನೋವಾದ ಚೌಕಟ್ಟಿನಲ್ಲಿ ಜಾಗ ಇಲ್ಲ.

2004ರಿಂದ 2006ರ ಪಾಂಟಿಯಾಕ್ ಜಿಟಿಒ ಆಸ್ಟ್ರೇಲಿಯಾದಲ್ಲಿ ಹೋಲ್ಡನ್‌ನವರು ಕಟ್ಟಿದ ಗಾಡಿ. ಅದರ ಸಂಪ್ ಮುಂದಿದೆ. ನೋವಾದಲ್ಲಿ ಆ ಜಾಗದಲ್ಲಿ ಕ್ರಾಸ್‌ಮೆಂಬರ್ ಕೂತಿದೆ. ಕ್ರಾಸ್‌ಮೆಂಬರ್ ಎಂಜಿನ್ನಿನ ಹಿಂಭಾಗದ ಕೆಳಗೆ ಇರುವ ಕಾರಿಗಷ್ಟೇ ಇದು.

ಕೊನೆಗೆ ನಾನು ಕೊಂಡದ್ದು ಇಂಥ ಹಳೇ ಕಾರುಗಳಿಗೆಂದೇ ಮಾಡಿದ ಪ್ಯಾನ್, ಹೋಲಿ ಕಂಪನಿಯವರ 302 ಸರಣಿಯದು. ಅದರಲ್ಲೂ ಬೇರೆ ಬೇರೆ ಇವೆ. ಮುಂಭಾಗ ಎಷ್ಟು ತೆಳ್ಳಗೆ ಅನ್ನುವುದರಲ್ಲೇ ವ್ಯತ್ಯಾಸ. ಇಲ್ಲಿ ಒಂದು ಎಚ್ಚರ. ಮುಂಭಾಗ ತೆಳ್ಳಗಾದಷ್ಟೂ ಕ್ರ್ಯಾಂಕ್ ತಿರುಗಲು ಜಾಗ ಕಡಿಮೆ. 5.3ರ ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 92 ಮಿ.ಮೀ., ನನಗೆ ತೊಂದರೆ ಆಗಲಿಲ್ಲ. ನಾಲ್ಕು ಇಂಚಿನ ಸ್ಟ್ರೋಕರ್ ಕ್ರ್ಯಾಂಕ್ ಹಾಕುವವರು ಆ ಪ್ಯಾನಿಗೆ ಎಷ್ಟು ಸ್ಟ್ರೋಕ್ ವರೆಗೆ ಸರಿ ಅಂತ ಓದಿಕೊಂಡೇ ದುಡ್ಡು ಕೊಡಿ. ಬೆಲೆ ನೋಡಿ ಹೊಟ್ಟೆ ಉರಿಯಿತು, ನಿಜ. ಒಡೆದ ಪ್ಯಾನ್, ಚೆಲ್ಲಿದ ಆಯಿಲ್, ಟೋಯಿಂಗ್ ಮೂರನ್ನೂ ಕೂಡಿಸಿದ ಮೇಲೆ ಉರಿ ಆರಿತು.

ತಗಡಿನಲ್ಲಿ ನಾವೇ ಕತ್ತರಿಸಿ ಬೆಸೆದುಕೊಳ್ಳಬಾರದಾ ಅಂತ ಊರಿನ ಬುದ್ಧಿ ಕೇಳುತ್ತದೆ. ಶೆವ್ರೊಲೆಯ ಹಳೇ ವಿ8, ಸ್ಮಾಲ್ ಬ್ಲಾಕ್ ಆಗಿದ್ದರೆ ಸರಿ. ಎಲ್‌ಎಸ್‌ನಲ್ಲಿ ಬೆಲ್‌ಹೌಸಿಂಗಿನ ಕೆಳಗಿನ ಎರಡು ಬೋಲ್ಟು ನೇರ ಪ್ಯಾನಿಗೇ ಬಿಗಿಯುತ್ತವೆ, ಆಯಿಲ್ ಫಿಲ್ಟರ್ ಕೂಡ ಪ್ಯಾನಿನ ಮೇಲೇ ಇರುತ್ತದೆ. ಅದು ಬರೀ ಬಾಣಲೆ ಅಲ್ಲ, ಎಂಜಿನ್ನಿನ ಒಂದು ಎಲುಬು. ಮತ್ತೆ, 2014ರಿಂದ ಬಂದ ಹೊಸ ಎಲ್‌ಟಿ ಎಂಜಿನ್‌ಗಳ ಪ್ಯಾನ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಎಲ್‌ಎಸ್ ಬ್ಲಾಕಿಗೆ ಅದು ಕೂರುವುದೇ ಇಲ್ಲ.

ಪ್ಯಾನ್ ಒಂದನ್ನೇ ಕೊಳ್ಳಬೇಡಿ. ಅದರ ಪಿಕಪ್ ಟ್ಯೂಬ್ (ಆಯಿಲ್ ಹೀರಿ ಪಂಪಿಗೆ ಕೊಡುವ ಕೊಳವೆ), ವಿಂಡೇಜ್ ಟ್ರೇ (ಕ್ರ್ಯಾಂಕಿಗೆ ಆಯಿಲ್ ಸಿಡಿಯದಂತೆ ತಡೆಯುವ ತಗಡು), ಡಿಪ್‌ಸ್ಟಿಕ್ ಒಂದೇ ಮನೆಯವು, ಒಟ್ಟಿಗೇ ಬರಲಿ. ಟ್ರಕ್ಕಿನ ಉದ್ದನೆಯ ಪಿಕಪ್ ತೆಳ್ಳನೆ ಪ್ಯಾನಿನ ತಳಕ್ಕೆ ಒತ್ತಿಕೊಂಡರೆ ಆಯಿಲ್ ಹೀರಲು ದಾರಿಯೇ ಇಲ್ಲ. ತೀರಾ ಮೇಲಿದ್ದರೆ ಬ್ರೇಕ್ ಹಾಕಿದಾಗ ಆಯಿಲ್ ಮುಂದಕ್ಕೆ ಓಡಿ ಪಂಪ್ ಗಾಳಿ ಕುಡಿಯುತ್ತದೆ. ಪಿಕಪ್ ಬಾಯಿಗೂ ತಳಕ್ಕೂ 6ರಿಂದ 10 ಮಿ.ಮೀ. ಅಂತರ ಬೇಕು. ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆಯನ್ನು ಪಿಕಪ್ ಬಾಯಿಗೆ ಅಂಟಿಸಿ, ಗ್ಯಾಸ್ಕೆಟ್ ಇಟ್ಟು ಪ್ಯಾನ್ ಒತ್ತಿ, ಬಿಚ್ಚಿ, ಚಪ್ಪಟೆಯಾದ ಮಣ್ಣಿನ ದಪ್ಪ ಅಳೆಯಿರಿ. ಆಮೇಲೆ ಮಣ್ಣನ್ನು ಪೂರ್ತಿ ಕೆರೆದು ತೆಗೆಯಿರಿ, ಮರೆಯಬೇಡಿ.

ಪಿಕಪ್ ಟ್ಯೂಬ್ ಪಂಪಿಗೆ ಸೇರುವಲ್ಲಿ ಒಂದು ಓ-ರಿಂಗ್ ಇದೆ. ಈ ಎಂಜಿನ್ನಿನ ಅರ್ಧ ಗೋಳು ಅಲ್ಲೇ. ಬೇರೆ ಬೇರೆ ದಪ್ಪದವು ಇವೆ, ಪಂಪಿಗೂ ಟ್ಯೂಬಿಗೂ ಹೊಂದುವುದನ್ನೇ ಹಾಕಬೇಕು. ಹಳೆಯದನ್ನು ಮತ್ತೆ ಹಾಕಬೇಡಿ. ಹೊಸದಕ್ಕೆ ಆಯಿಲ್ ಸವರಿ, ಟ್ಯೂಬನ್ನು ಕೈಯಲ್ಲೇ ಪೂರ್ತಿ ಒಳಗೆ ಕೂರಿಸಿ, ಆಮೇಲೆ ಬೋಲ್ಟ್ ಹಾಕಿ. ಬೋಲ್ಟಿನಿಂದ ಎಳೆದು ಕೂರಿಸಿದರೆ ಟ್ಯೂಬ್ ಓರೆಯಾಗಿ ರಿಂಗ್ ಹಿಸುಕಿಹೋಗುತ್ತದೆ. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಬೀಳುತ್ತದೆ ಅಂತ ಪಂಪ್ ಬದಲಿಸಿ ಬದಲಿಸಿ ಸುಸ್ತಾದವರನ್ನು ನೋಡಿದ್ದೇನೆ. ತಪ್ಪು ಇದ್ದದ್ದು ಈ ಪುಟ್ಟ ರಬ್ಬರಿನಲ್ಲಿ.

ಪ್ಯಾನ್ ಕೂರಿಸುವಾಗ ಮುಂದಿನ ಮತ್ತು ಹಿಂದಿನ ಕವರ್‌ಗಳು ಬ್ಲಾಕಿಗೆ ಸೇರುವ ನಾಲ್ಕು ಮೂಲೆಗೆ ಸೀಲಂಟ್ ಹಾಕಿ, 5 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ. ಉಳಿದ ಕಡೆ ಗ್ಯಾಸ್ಕೆಟ್ ಸಾಕು, ಸುಮ್ನೆ ಎಲ್ಲಾ ಕಡೆ ಮೆತ್ತಬೇಡಿ. ಬೋಲ್ಟುಗಳನ್ನು ಬೆರಳಲ್ಲಿ ಬಿಗಿದು, ಬ್ಲಾಕಿನ ಹಿಂಮುಖಕ್ಕೆ ಉಕ್ಕಿನ ಪಟ್ಟಿ ಹಿಡಿದು, ಪ್ಯಾನಿನ ಹಿಂಮುಖ ಅದಕ್ಕೆ ಸಮ ಇದೆಯಾ ನೋಡಿ. ಕೂದಲೆಳೆಯಷ್ಟು ಒಳಗಿದ್ದರೆ ನಡೆಯುತ್ತದೆ. ಹೊರಗೆ ಚಾಚಿದ್ದರೆ ಗೇರ್‌ಬಾಕ್ಸ್ ಬಿಗಿದಾಗ ಪ್ಯಾನಿನ ಕಿವಿ ಮುರಿಯುತ್ತದೆ. ಆಮೇಲೆ 8 ಮಿ.ಮೀ. ಬೋಲ್ಟಿಗೆ 25 ನ್ಯೂಟನ್ ಮೀಟರ್, ಹಿಂದಿನ ಎರಡು ಸಣ್ಣ ಉದ್ದನೆ ಬೋಲ್ಟಿಗೆ 12 ಮಾತ್ರ. ಆ ಸಣ್ಣವನ್ನು ತೋಳಿನ ಬಲದಲ್ಲಿ ಬಿಗಿದು ಮುರಿದುಕೊಂಡವರು ಒಬ್ಬಿಬ್ಬರಲ್ಲ.

ಫಿಲ್ಟರ್ ಹಾಕುವ ಮುಂಚೆ ಅದರ ಮರೆ ನೋಡಿ, ಹಳೇ ಎಲ್‌ಎಸ್ ಪ್ಯಾನಿಗೂ ಹೊಸ ಪ್ಯಾನಿಗೂ ಬೇರೆ. ಹೊಗೆ ಹೋಗುವ ಹೆಡರ್ ಪೈಪಿಗೆ ಎಷ್ಟು ದೂರ ಇದೆ ಅನ್ನುವುದನ್ನೂ ಆಗಲೇ ನೋಡಿಬಿಡಿ.

ಹಳೇ ಸ್ಮಾಲ್ ಬ್ಲಾಕ್‌ನಲ್ಲಿ ಡಿಸ್ಟ್ರಿಬ್ಯೂಟರ್ ತೂತಿನಿಂದ ಡ್ರಿಲ್ ತಿರುಗಿಸಿ ಪಂಪ್ ಪ್ರೈಮ್ ಮಾಡಬಹುದಿತ್ತು, ಅಂದರೆ ಸ್ಟಾರ್ಟ್ ಮಾಡುವ ಮುಂಚೆಯೇ ಆಯಿಲ್ ಹರಿಸಬಹುದಿತ್ತು. ಎಲ್‌ಎಸ್‌ದು ಕ್ರ್ಯಾಂಕಿಗೇ ಸಿಕ್ಕಿಸಿದ ಪಂಪ್, ಆ ಉಪಾಯ ನಡೆಯುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಫ್ಯೂಸ್ ತೆಗೆದು, ಗೇಜಿನಲ್ಲಿ ಪ್ರೆಷರ್ ಕಾಣುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ. ಮಧ್ಯೆ ಮಧ್ಯೆ ಸ್ಟಾರ್ಟರ್ ತಣ್ಣಗಾಗಲು ಬಿಡಿ.

ಡಿಪ್‌ಸ್ಟಿಕ್ಕಿನ ಗುರುತನ್ನು, ಹೊಸದೇ ಆಗಿರಲಿ, ಕಣ್ಣುಮುಚ್ಚಿ ನಂಬಬೇಡಿ. ಹೊಸ ಮೌಂಟಿನಲ್ಲಿ ಎಂಜಿನ್ನಿನ ವಾಲು ಬದಲಾಗಿರುತ್ತದೆ. ಪ್ಯಾನ್ ಹಿಡಿಯುವ ಅಳತೆಗಿಂತ ಒಂದು ಕ್ವಾರ್ಟ್ ಕಡಿಮೆ ಹಾಕಿ. ಎಂಜಿನ್ ಒಂದು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು, ಕಡ್ಡಿ ಎಳೆದು ಆಯಿಲ್ ಮುಟ್ಟಿದಲ್ಲಿ ಅರದಿಂದ ಒಂದು ಗೀರು ಹಾಕಿ. ಉಳಿದ ಕ್ವಾರ್ಟ್ ಹಾಕಿ ಇನ್ನೊಂದು ಗೀರು. ನನ್ನ ಕಡ್ಡಿಯಲ್ಲಿ ಮೇಲಿನ ಗೀರು ಕಂಪನಿ ಗುರುತಿಗಿಂತ ಅರ್ಧ ಬೆರಳು ಕೆಳಗೆ ಬಂತು.

ಮೊದಲ ರಾತ್ರಿ ಗಾಡಿ ಕೆಳಗೆ ಆ ಮೀನಿನ ರಟ್ಟುಗಳನ್ನೇ ಹಾಸಿದ್ದೆ. ಬೆಳಿಗ್ಗೆ ಒಂದರ ಬಾಲದ ಮೇಲೆ ಎರಡು ಹನಿ ಇತ್ತು. ಬೆರಳಲ್ಲಿ ಮುಟ್ಟಿದರೆ ಕೆಂಪು. ಗೇರ್‌ಬಾಕ್ಸಿನ ಆಯಿಲ್, ಪ್ಯಾನಿನದಲ್ಲ.