ಸರ್ಫ್‌ಬೋರ್ಡಿಗೆ ದೋಣಿ ಕಟ್ಟುವ ಎಪಾಕ್ಸಿ: ನನ್ನ ಅನುಭವ

"ದೋಣಿ ಕಟ್ಟೋ ಎಪಾಕ್ಸಿ ಹಾಕ್ತೀಯಾ? ಒಂದೇ ಸೀಸನ್‌ಗೆ ಹಳದಿ ಆಗುತ್ತೆ ನೋಡು" ಅಂದವರೇ ಜಾಸ್ತಿ. ಎಪಾಕ್ಸಿ ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು. ದೋಣಿಯ ಆ ಎಪಾಕ್ಸಿ ಹಾಕಿ ನಾನು ಮಾಡಿದ ಸರ್ಫ್ ಬೋರ್ಡ್ ಈಗ ಎರಡು ಸೀಸನ್ ಮುಗಿಸಿದೆ. ಡೆಕ್ (ನಿಲ್ಲುವ ಮೇಲ್ಭಾಗ) ಮೇಲೆ ಹಿಂಗಾಲು ಊರುವ ಕಡೆ ಒಂದೆರಡು ತಗ್ಗು ಬಿದ್ದಿವೆ, ಅಷ್ಟೇ. ಬಿರುಕಿಲ್ಲ, ಗ್ಲಾಸ್, ಅಂದರೆ ರೆಸಿನ್ ಕುಡಿದ ಗಾಜಿನ ನಾರಿನ ಬಟ್ಟೆ, ಎಲ್ಲೂ ಒಳಗಿನ ಫೋಮ್ ಬಿಟ್ಟು ಎದ್ದಿಲ್ಲ.

ಬ್ಲಾಂಕ್, ಅಂದರೆ ಬೋರ್ಡಿನ ಒಳಗಿನ ಫೋಮ್ ದಿಮ್ಮಿ, ಇಪಿಎಸ್ (ಥರ್ಮಾಕೋಲ್ ಜಾತಿಯದು). ಪಾಲಿಯೆಸ್ಟರ್ ರೆಸಿನ್ ಮುಟ್ಟುವ ಹಾಗೇ ಇಲ್ಲ, ಅದರಲ್ಲಿನ ಸ್ಟೈರೀನ್ ದ್ರಾವಕ ಫೋಮನ್ನೇ ಕರಗಿಸಿಬಿಡುತ್ತದೆ. ಹಾಗಾಗಿ ಎಪಾಕ್ಸಿಯೇ ಗತಿ, ಯಾವ ಎಪಾಕ್ಸಿ ಅನ್ನೋದೇ ಪ್ರಶ್ನೆ.

ಮೊದಲು ತಂದದ್ದು ಟೇಬಲ್ ಮೇಲೆ ಸುರಿಯುವ ಜಾತಿಯ ರೆಸಿನ್. ಅಳತೆ 1:1, ನೋಡಲು ತಿಳಿ, ಬೆಲೆಯೂ ಕಡಿಮೆ. ಆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ರೆಸಿನ್ ಮಂದ. 6 ಔನ್ಸ್ ಬಟ್ಟೆ ನೆನೆಯಲಿ ಅಂತ ಸ್ಕ್ವೀಜಿ (ರೆಸಿನ್ ಹರಡುವ ಪಟ್ಟಿ) ಎಳೆದೂ ಎಳೆದೂ ತೋಳು ಸೋತಿತು. ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಬೋರ್ಡಿನ ಅಂಚಿನ ರೇಲ್‌ಗಳಿಂದ ಇಳಿದು ಕೆಳಗೆ ಹನಿಗಟ್ಟಿತ್ತು. ಬೋರ್ಡೂ ಭಾರ. ಅದೆಲ್ಲ ಸಹಿಸಬಹುದಿತ್ತು. ಆದರೆ ಬಿಸಿಲಲ್ಲಿ ಕಾರಿನ ಮೇಲೆ ಕಟ್ಟಿಕೊಂಡು ಹೋಗಿ ಇಳಿಸಿದಾಗ, ಕಟ್ಟಿದ ಪಟ್ಟಿಯ ನೇಯ್ಗೆ ಸಮೇತ ಅಚ್ಚು ಡೆಕ್ ಮೇಲೆ ಮೂಡಿತ್ತು. ಬೆರಳಾಡಿಸಿದರೆ ಒಂದೊಂದು ಎಳೆಯೂ ಗೊತ್ತಾಗುತ್ತಿತ್ತು.

ಆಮೇಲೆ ಸರ್ಫ್‌ಬೋರ್ಡಿಗೆಂದೇ ಮಾರುವ ಎಪಾಕ್ಸಿ. ಕೆಲಸ ಚೆನ್ನಾಗಿಯೇ ಆಯಿತು, ದೂರಿಲ್ಲ. ದರ ಮಾತ್ರ ದೋಣಿ ರೆಸಿನ್‌ನ ಎರಡು ಪಟ್ಟಿನ ಹತ್ತಿರ. ಆರಡಿ ಬೋರ್ಡಿಗೆ ಲ್ಯಾಮಿನೇಷನ್ (ಬಟ್ಟೆ ಅಂಟಿಸುವುದು), ಹಾಟ್ ಕೋಟ್ (ಅದರ ಮೇಲೆ ಎಳೆಯುವ ರೆಸಿನ್ ಪದರ) ಎಲ್ಲ ಸೇರಿ ಒಂದೂಕಾಲರಿಂದ ಒಂದೂವರೆ ಕಿಲೋ ಹೋಗುತ್ತದೆ. ವರ್ಷಕ್ಕೆ ಮೂರ್ನಾಲ್ಕು ಬೋರ್ಡ್ ಮಾಡುವವನಿಗೆ ಅದು ಸಣ್ಣ ಮೊತ್ತ ಅಲ್ಲ, ಅಲ್ವಾ?

ಆಗ ಡಬ್ಬಿಯ ಮೇಲಿನ ಹೆಸರು ಬಿಟ್ಟು ಡೇಟಾ ಶೀಟ್ ನೋಡತೊಡಗಿದೆ. ನನಗೆ ಬೇಕಾಗಿದ್ದು ಎರಡೇ ಅಂಕಿ. ಬೆರೆಸಿದ ಮೇಲೆ 25 ಡಿಗ್ರಿಯಲ್ಲಿ ವಿಸ್ಕಾಸಿಟಿ, ಅಂದರೆ ಮಂದತನ, ಸಾವಿರ ಸಿಪಿಎಸ್ (ಅದರ ಅಳತೆ) ಒಳಗಿರಬೇಕು. ಟಿಜಿ, ಅಂದರೆ ಗಟ್ಟಿಯಾದ ರೆಸಿನ್ ಮತ್ತೆ ಮೆದುವಾಗುವ ಬಿಸಿ, 60 ಡಿಗ್ರಿ ಮೇಲಿರಬೇಕು. ಪಾಟ್ ಲೈಫ್, ಅಂದರೆ ಬೆರೆಸಿದ ಮೇಲೆ ಕೆಲಸಕ್ಕೆ ಸಿಗುವ ಹೊತ್ತು, ಹಾರ್ಡನರ್ ಬದಲಿಸಿದರೆ ಬದಲಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ದೋಣಿ ಕಟ್ಟುವ ಎಪಾಕ್ಸಿಯಲ್ಲಿ ಎರಡೂ ಅಂಕಿ ಸಿಕ್ಕವು.

ಅಂಕಿಯನ್ನೂ ಸುಮ್ನೆ ನಂಬಲಿಲ್ಲ. ಒಂದೊಂದು ರೆಸಿನ್‌ನಲ್ಲೂ ಬಟ್ಟೆಯ ಪಟ್ಟಿ ನೆನೆಸಿ, ವಾರ ಬಿಟ್ಟು, 50 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು ಬಗ್ಗಿಸಿದೆ. ಟೇಬಲ್ ರೆಸಿನ್ ಪಟ್ಟಿ ಎರಡು ಬೆರಳಲ್ಲೇ ಸುಲಭವಾಗಿ ಮಡಿಚಿಕೊಂಡಿತು. ದೋಣಿಯದ್ದು ಜಗ್ಗಲಿಲ್ಲ. ನನಗೆ ಅಷ್ಟು ಸಾಕಿತ್ತು.

ಅಳತೆ ಬಗ್ಗೆ ಒಂದು ಮಾತು. ನನ್ನ ದೋಣಿ ಎಪಾಕ್ಸಿ ಗಾತ್ರದಲ್ಲಿ 2:1, ಅಂದರೆ ಎರಡು ಪಾಲು ರೆಸಿನ್, ಒಂದು ಪಾಲು ಹಾರ್ಡನರ್. ಹಾರ್ಡನರ್ ರೆಸಿನ್‌ಗಿಂತ ಹಗುರ, ಆದ್ದರಿಂದ ತಕ್ಕಡಿಯಲ್ಲಿ ಅದು 100ಕ್ಕೆ 44ರಷ್ಟು ಬರುತ್ತದೆ. ತೂಕದಲ್ಲೂ 2:1 ಹಾಕಿ, ಅಂಟು ಆರಲೇ ಇಲ್ಲ ಎಂದು ರೆಸಿನ್‌ಗೆ ಬಯ್ಯುವವರನ್ನು ನೋಡಿದ್ದೇನೆ.

ದೋಣಿ ಹಾರ್ಡನರ್‌ನ ತಂಟೆ ಒಂದೇ, ಅಮೈನ್ ಬ್ಲಶ್. ತೇವದ ಹವೆಯಲ್ಲಿ ಮೇಲೆ ಜಿಡ್ಡು ಕೂರುತ್ತದೆ. ಅದರ ಮೇಲೆ ಹಾಟ್ ಕೋಟ್ ಎಳೆದರೆ ಫಿಶ್ ಐ, ಅಂದರೆ ರೆಸಿನ್ ಹಿಡಿಯದ ಗುಂಡು ಕುಳಿಗಳು, ಖಂಡಿತ. ಪರಿಹಾರ: ಉಜ್ಜುವ ಪ್ಯಾಡು, ಬರೀ ನೀರು, ಒರೆಸಲು ಒಣಬಟ್ಟೆ. ತೊಳೆದ ಮೇಲೇ ಮರಳುಕಾಗದದ ಸ್ಯಾಂಡಿಂಗ್. ತೊಳೆಯದೆ ಸ್ಯಾಂಡ್ ಮಾಡಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ.

ಬಟ್ಟೆ ಡೆಕ್‌ಗೆ 4 ಔನ್ಸ್ ಎರಡು ಪದರ, ಕೆಳಗೆ ಒಂದು. ಬೆರೆಸಿದ ಕೂಡಲೇ ಎಲ್ಲವನ್ನೂ ಬಟ್ಟೆ ಮೇಲೆ ಸುರಿದುಬಿಡುತ್ತೇನೆ. ಮಗ್ಗಿನಲ್ಲಿ ಮುನ್ನೂರು ಗ್ರಾಂ ಗುಡ್ಡೆಯಾಗಿ ಉಳಿದರೆ ತನ್ನದೇ ಬಿಸಿಗೆ ಹೊಗೆ ಏಳುತ್ತದೆ. ಶೆಡ್ ಬಿಸಿ ಇಳಿಯುವ ಹೊತ್ತು, ಅಂದರೆ ಸಂಜೆ, ಕೆಲಸ ಶುರು. ಬಿಸಿ ಏರುವಾಗ ಮಾಡಿದರೆ ಫೋಮೊಳಗಿನ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ. ಅದಕ್ಕೂ ಮೊದಲು ಫೋಮ್‌ನ ರಂಧ್ರ ಮುಚ್ಚಲು ಮೈಕ್ರೋಬಲೂನ್ (ಟೊಳ್ಳು ಸಣ್ಣ ಗೋಲಿಗಳ ಪುಡಿ) ಜೊತೆ ಇನ್ನೊಂದು ಪುಡಿ ಸೇರಿಸಿ ಸವರುತ್ತೇನೆ. ಯಾವ ಪುಡಿ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಇನ್ನು ಹಳದಿ. ಆಗುತ್ತದೆ, ಸುಳ್ಳೇಕೆ ಹೇಳಲಿ. ಒಂದು ತುಂಡಿಗೆ ಅರ್ಧ ಫಾಯಿಲ್ ಸುತ್ತಿ ಬಿಸಿಲಿಗೆ ಇಟ್ಟಿದ್ದೆ. ಎರಡು ಮೂರು ತಿಂಗಳಲ್ಲಿ ಗೆರೆ ಎಳೆದ ಹಾಗೆ ವ್ಯತ್ಯಾಸ ಕಂಡಿತು. ಆದರೆ ಗ್ಲಾಸ್ ಮಾಡುವ ಮೊದಲು ಫೋಮಿಗೇ ಕಿತ್ತಳೆ ಅಕ್ರಿಲಿಕ್ ಹೊಡೆದುಬಿಟ್ಟರೆ ಆ ಹಳದಿ ಎಲ್ಲಿ ಕಾಣಬೇಕು? ಬಿಳಿ ಬೋರ್ಡೇ ಬೇಕು ಅನ್ನುವವರು ದುಬಾರಿ ರೆಸಿನ್ ತೆಗೆದುಕೊಳ್ಳಲಿ.

ಮಧ್ಯೆ ಒಮ್ಮೆ ಪೀಲ್ ಪ್ಲೈ, ಅಂದರೆ ಹಸಿ ರೆಸಿನ್ ಮೇಲೆ ಹಾಸಿ ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ಬಟ್ಟೆ, ಹಾಕಿ ನೋಡಿದೆ. ಚಪ್ಪಟೆ ಜಾಗದಲ್ಲಿ ಉಜ್ಜುವ ಕೆಲಸ ಉಳಿಯಿತು. ರೇಲ್ ಸುತ್ತ ಸುಕ್ಕು ಬಿದ್ದು ಅಲ್ಲಿ ಎರಡರಷ್ಟು ಉಜ್ಜಬೇಕಾಯಿತು. ಬಿಟ್ಟೆ.

ಈಗಿನ ಪ್ರಯೋಗ ಹಾರ್ಡನರ್‌ನದು. ಒಂದೇ ಕಂಪನಿಯ ವೇಗದ ಮತ್ತು ನಿಧಾನದ ಹಾರ್ಡನರ್, ಎರಡರ ಅಳತೆಯೂ ಒಂದೇ. ಹಾಗಾಗಿ ಎರಡನ್ನೂ ಅರ್ಧರ್ಧ ಬೆರೆಸಿ ಹಾಕುತ್ತಿದ್ದೇನೆ. ಡೆಕ್‌ಗೆ ಇಪ್ಪತ್ತೈದು ನಿಮಿಷ ಸಿಗುತ್ತದೆ, ಬೆಳಿಗ್ಗೆ ಬೋರ್ಡ್ ಮಗುಚಿ ಕೆಳಭಾಗ ಹಿಡಿಯಬಹುದು.